ಬೆಟ್ಟದಾಗ ಗಟ್ಟಿಯಾದ ರಕ್ತ

ದುಂಡಸಿಯಿಂದ ಶಿಗ್ಗಾವಿಗೆ ಹೋಗೋ ರಸ್ತೆದಾಗ ನಾನು ಓಡಾಕತ್ತಿದ್ರ, ಎದುರಿಗೆ ಬಂದವರು "ಯಾಕೋ, ಯಾರು ಬೆನ್ನ ಹತ್ತ್ಯಾರ?" ಅಂತ ಕೇಳೋರು. ಸುಮ್ಮನ ಓಡೋದು ಅಂದ್ರ ಆಗಿನ ಮಂದಿಗೆ ತಿಳೀತಿದ್ದಿಲ್ಲ. ಎಂಬತ್ತರ ದಶಕದ ಮಾತು. ಹಂಗ ಓಡಿ ಓಡಿ ಹತ್ತು ಸಾವಿರ ಮೀಟರಿನಾಗ ರಾಜ್ಯಕ್ಕ ಮುಂದ ಬಂದೆ. ದೇಶದ ತಂಡಕ್ಕ ಆರಿಸೋ ಓಟ ಒಂದ ಬಾಕಿ. ಅದಕ್ಕೂ ಮೊದಲು ನಮ್ಮನ್ನ ಹಿಮಾಲಯದ ಕಡೆ ಒಂದು ಕ್ಯಾಂಪಿಗೆ ಕಳಿಸಿದ್ರು.

ಅಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಕೋಚ್ ಸಾಹೇಬರದು ಬರೇ ಹಿಂದಿ. ಅವರು ಕೈ ತಿರುವಿ ತಿರುವಿ ಹೇಳಿದ್ದರಾಗ ನನಗ ತಿಳದದ್ದು ಇಷ್ಟ: ಎತ್ತರದಾಗ ಗಾಳಿ ತೆಳ್ಳಗ, ಉಸಿರು ಸಾಲೂದಿಲ್ಲ. ಆಗ ಮೈ ಗಾಬರಿಯಾಗಿ, ರಕ್ತದಾಗ ಉಸಿರು ಹೊರೋ ಕೆಂಪು ಕಣ ಹೆಚ್ಚು ಮಾಡಿಕೊಳ್ಳತೈತಿ. ಕೆಳಗ ಇಳದ ಮ್ಯಾಲೂ ಕೆಲವು ವಾರ ಅವು ಉಳೀತಾವ. ಅಷ್ಟರಾಗ ಓಡಿ ಗೆಲ್ಲಬೇಕು. ಮೊದಮೊದಲು ನಾಲ್ಕು ಹೆಜ್ಜಿಗೇ ತಲಿ ತಿರುಗೋದು. ಉಳದವರು ಕೂಡಿ ನಗ್ತಿದ್ರು, ನಾನು ಒಂದು ಬಂಡಿಗಲ್ಲಿನ ಮ್ಯಾಲ ಕುಂತು ನನ್ನ ಸಂಗಾಟ ನಾನ ಕನ್ನಡ ಮಾತಾಡಿಕೊಳ್ಳತಿದ್ದೆ. ಅಷ್ಟು ಒಂಟಿತನ ನಾನು ಹಿಂದ ಕಂಡಿದ್ದಿಲ್ಲ. ಕೊನಿಗೆ ಡಾಕ್ಟರು ಬೆರಳು ಚುಚ್ಚಿ ರಕ್ತ ನೋಡಿ ಬೆನ್ನು ಚಪ್ಪರಿಸಿದ್ರು. ಅದಕ್ಕ ಭಾಷಾ ಬೇಕಾಗಲಿಲ್ಲ.

ಓಟಕ್ಕ ಮೊದಲು ನಾಲ್ಕು ದಿನ ಊರಿಗೆ ಬಂದೆ. ಸವಣೂರಿಗೆ ಕೊಟ್ಟ ಅಕ್ಕ ಚೊಚ್ಚಲ ಹೆರಿಗಿಗೆ ಮನಿಗೆ ಬಂದಿದ್ಳು. ಕೂಸು ಹುಟ್ಟಿತು, ಆದ್ರ ಆಕಿಗೆ ರಕ್ತ ಹೋಗೂದು ನಿಲ್ಲಲಿಲ್ಲ. ಜೀಪಿನಾಗ ಹಾಕ್ಕೊಂಡು ಹುಬ್ಬಳ್ಳಿ ದವಾಖಾನಿಗೆ ಓಡಿದ್ವಿ. ರಕ್ತ ಕೊಡೋರು ಯಾರು ಅಂತ ಕೇಳಿದ್ರು ಡಾಕ್ಟರು.

ಸುದ್ದಿ ಕೇಳಿ ಮಗನ ಕೂಡ ಬಂದಿದ್ದ ಅಕ್ಕನ ಮಾವ ಧೋತರ ಸರಿಮಾಡಿಕೊಂಡು ಅಂದ: "ಚೊಚ್ಚಲ ಬಾಣಂತನ ತವರಿನವರದರಿ. ರಕ್ತಾನೂ ಅವರ ಕೊಡಬೇಕು."

ಇವರ ರಿವಾಜಿಗೆ ಬೆಂಕಿ ಬೀಳಲಿ! ಎಣ್ಣಿ, ಅಂಟಿನುಂಡಿ, ತೊಟ್ಟಲದ ಕೂಡ ರಕ್ತಾನೂ ತವರಿನ ಪಾಲಿಗೆ. ಅಕ್ಕನ ಗಂಡ ಅವರಪ್ಪನ ಹಿಂದ ಸರದ. ನಮ್ಮಪ್ಪನ ರಕ್ತ ಹೊಂದಲಿಲ್ಲ. ನಂದು ಹೊಂದಿತು.

"ಏನ್ ತಿಂತೀಯೋ ತಮ್ಮಾ, ಇಂಥಾ ರಕ್ತ ಐತಿ ನಿಂದು!" ಅಂದ್ಲು ನರ್ಸಬಾಯಿ. ಬಾಟ್ಲಿ ತುಂಬೂದನ್ನ ನೋಡಿಕೋತ ಮಲಗಿದ್ದೆ. ಬೆಟ್ಟದಾಗ ಗಳಿಸಿದ್ದು ಹೊಂಟಿತಲ್ಲಾ ಅನಿಸಿತು, ಸುಳ್ಳ ಯಾಕ ಹೇಳಲಿ. ಅಕ್ಕ ಕಣ್ಣು ತೆರದಾಗ ಅವ್ವ ನನ್ನ ಹೊರಗ ಕರದು ಅಂದ್ಲು: "ರಕ್ತ ನಿಂದು ಅಂತ ಆಕಿಗೆ ಹೇಳಬ್ಯಾಡಪಾ. ತಮ್ಮನ ಓಟ ಕೆಡಿಸಿದೆ ಅಂತ ಚಿಂತಿ ಹಚ್ಚಿಕೊಂಡ್ರ ಕೂಸಿಗೆ ಹಾಲು ಬತ್ತತಾವ."

ನಾನು ಹೇಳಲಿಲ್ಲ. ಓಟಕ್ಕ ಹೋದೆ. ಅರ್ಧದ ತನಕ ಮುಂದಿನವರ ಬೆನ್ನಿಗೇ ಇದ್ದೆ. ಆಮ್ಯಾಲ ಎದಿ ಬಿಗೀತು, ಕಾಲು ಎತ್ತಾಕ ಬರಲಿಲ್ಲ. ಬೈಲುಸೀಮಿ ಗಾಳಿ ಬೇಕಾದಷ್ಟಿತ್ತು, ಅದನ್ನ ಹೊರೋ ರಕ್ತ ಇರಲಿಲ್ಲ. ಒಬ್ಬೊಬ್ಬರ ನನ್ನ ದಾಟಿ ಹೋದ್ರು.

ಊರಿಗೆ ಹೋಗಿ ತಿಂದು ಮಲಗಿದೀ ಅಂತ ಕೋಚ್ ಸಾಹೇಬರು ಎಲ್ಲಾರ ಮುಂದ ಬೈದ್ರು. ಬಾಣಂತನಕ್ಕ, ತವರಿಗೆ ಹಿಂದಿಯೊಳಗ ಏನಂತಾರ ಅಂತ ನನಗ ಗೊತ್ತಿದ್ದಿಲ್ಲ. ಮತ್ತ ನನ್ನ ಯಾರೂ ಕರೀಲಿಲ್ಲ.

ಮುಂದ ಹಾನಗಲ್ಲಿನಾಗ ಸಣ್ಣ ನೌಕರಿ ಸಿಕ್ತು. ರಜಾ ಇದ್ದಾಗ ಸವಣೂರಿಗೆ ಹೋಗತೇನಿ. ಅಕ್ಕ ಈಗಲೂ ಬಿಸಿ ರೊಟ್ಟಿ ತಾಟಿಗೆ ಹಾಕಿಕೋತ, ಮಗನ ಮುಂದ ನನ್ನ ಚಾಷ್ಟಿ ಮಾಡತಾಳ: "ನಿಮ್ಮ ಮಾಮಾ ಅಷ್ಟ ದೂರ ಬೆಟ್ಟಕ್ಕ ಹೋಗಿ ಬಂದಾನ ನೋಡು. ಅಕ್ಕಗ ಒಂದು ಕುಪ್ಪಸದ ಖಣಾನೂ ತರಲಿಲ್ಲ!"

"ಮರತಬಿಟ್ಟೆ ಬೇ ಅಕ್ಕಾ," ಅಂತೇನಿ. ಅಂದು ರೊಟ್ಟಿ ಮುರೀತೇನಿ.