ಗೇಟಿಲ್ಲದ ಬೇಲಿ

ಸೂರ್ಯ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾನೆ. ನಮ್ಮ ಪಕ್ಕದ ಮನೆಯ ಬೇಲಿಯಪ್ಪ ಆಗಲೇ ಕಲ್ಲುಕಂಬಕ್ಕೆ ಕಾಲು ಕೊಟ್ಟು ಮುಳ್ಳುತಂತಿ ಜಗ್ಗುತ್ತಿದ್ದಾನೆ. ಬೆರಳಿನಿಂದ ತಂತಿ ಮೀಟುತ್ತಾನೆ. ಠಣ್ ಅನ್ನದಿದ್ದರೆ ಮತ್ತೆ ಜಗ್ಗುತ್ತಾನೆ. ಹುಟ್ಟಿದಾಗ ಇಟ್ಟ ಹೆಸರು ಹೆಂಡತಿಗೂ ಮರೆತುಹೋಗಿದೆ. ಸೊಂಟದ ಇಕ್ಕಳವನ್ನು ತಾಯಿಯ ಹೊಟ್ಟೆಯಿಂದಲೇ ತಂದಿರಬೇಕು. ಇವನು ಇದುವರೆಗೆ ಎಳೆದ ತಂತಿಯನ್ನೆಲ್ಲ ಬಿಚ್ಚಿ ಕಟ್ಟಿದರೆ ಚಂದ್ರನವರೆಗೂ ಬಟ್ಟೆ ಒಣಗಿಸಬಹುದು.

"ಕೈ ತೋರ್ಸೋ," ಅನ್ನುತ್ತೇನೆ. ಅಂಗೈಯೋ ತುರಿಯುವ ಮಣೆಯೋ ತಿಳಿಯುವುದಿಲ್ಲ.

"ಹೆದರ್ಬೇಡ ದೊಡ್ಡಮ್ಮ. ಈಗ ಮುಳ್ಳೇ ನನಗೆ ಹೆದರ್ತದೆ."

ಮೊದಲು ಅವನಿಗೆ ಬೇಲಿ ಕೆಲಸ ಸಿಗುತ್ತಿದ್ದುದೇ ಅಪರೂಪ. ತನ್ನ ತುಂಡು ಹೊಲದಲ್ಲಿ ಬೆಳೆದು ಉಣ್ಣುತ್ತಿದ್ದ. ಈಗ ಪೇಟೆಯವರು ಬಂದು ಹೊಲ ಕೊಳ್ಳುತ್ತಾರೆ. ಉಳುವುದಕ್ಕಲ್ಲ, ಮನೆ ಕಟ್ಟುವುದಕ್ಕೂ ಅಲ್ಲ, ಬೆಲೆ ಏರಲಿ ಅಂತ. ಚಪ್ಪಲಿಗೆ ಮಣ್ಣಾದೀತೆಂದು ಕಾರಿನಲ್ಲೇ ಕೂತು ಫೋಟೊ ತೆಗೆಯುತ್ತಾರೆ. ಮೊದಲು ಕರೆಸುವುದು ಇವನನ್ನು.

"ಬೇಲೀನ ಒಳಗೆ ನಿಂತು ಕಟ್ಬೇಕು," ಅನ್ನುತ್ತಾನೆ. "ಬೆಳೆ ಇರೋ ಕಡೆ ನಾವು, ದನ ಇರೋ ಕಡೆ ಮುಳ್ಳು. ಅಪ್ಪ ಕಲಿಸಿದ್ದೇ ಹಂಗೆ. ಕೊನೇ ಗಂಟು ಹಾಕಿ ಗೇಟಿಂದ ಹೊರಗೆ ಬರೋದು."

ಅವನ ಹೊಲದ ಎಡಗಡೆಯವರು ಮಾರಿದರು, ಬಲಗಡೆಯವರು ಮಾರಿದರು. ಕೊನೆಗೆ ಗಾಡಿದಾರಿ ಇದ್ದ ಮುಂದಿನ ಹೊಲವೂ ಹೋಯಿತು. ಕೊಂಡವರೆಲ್ಲ ಬೇಲಿ ಹಾಕಿಸಿದರು.

"ದಾರಿ ಬಿಡ್ತಾರೆ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ ನನ್ನ ಎತ್ತು ಹೋಗೋಕೂ ಜಾಗ ಇಲ್ಲ."

"ಆ ಬೇಲಿ ಹಾಕಿದ ಮಹಾನುಭಾವ ಯಾರಪ್ಪಾ?"

"ನಾನೇ."

ತಮಾಷೆಗೆ ಕೇಳಿದವಳು ನಾನು.

ದಾರಿಯಿಲ್ಲದ ಹೊಲವನ್ನು ಇನ್ಯಾರು ಕೊಳ್ಳುತ್ತಾರೆ? ಮುಂದಿನ ಹೊಲ ಕೊಂಡ ಸಾಹುಕಾರರಿಗೇ ಅದನ್ನೂ ಮಾರಿದ. ಖಾಲಿ ಬಿಡುವ ಬದಲು ಒಂದು ಬೆಳೆ ಬಿತ್ತಿಕೊಳ್ಳಲೇ ಎಂದು ಫೋನಿನಲ್ಲಿ ಬೇಡಿಕೊಂಡ.

"ಇವತ್ತು ಬಿತ್ತುತ್ತೀಯ, ನಾಳೆ ನಂದೇ ಅಂತೀಯ. ಸುಮ್ನೆ ಬೇಲಿ ಹಾಕು," ಅಂದರಂತೆ.

"ಗೇಟು ಯಾವ ಕಡೆ ಇಡ್ಲಿ ಸಾರ್?"

"ಗೇಟ್ ಯಾಕೆ? ಒಳಗೆ ಯಾರು ಹೋಗ್ತಾರೆ?"

ಈಗ ಅವನು ಕಟ್ಟುತ್ತಿರುವುದು ಅದೇ ಬೇಲಿ. ಬಿಸಿಲು ಏರುವ ಹೊತ್ತಿಗೆ ಕೊನೆಯ ಗಂಟು ತಿರುವುತ್ತಾನೆ. ಇಕ್ಕಳ ಸೊಂಟಕ್ಕೆ ಸಿಕ್ಕಿಸಿ, ಹಳೇ ಗೇಟು ಇದ್ದ ಮೂಲೆಯ ಕಡೆ ಹೊರಡುತ್ತಾನೆ. ನಡುವೆ ಗಕ್ಕನೆ ನಿಲ್ಲುತ್ತಾನೆ. ನೀರು ತಂದ ಹೆಂಡತಿ ಹೊರಗಿನಿಂದ ನೋಡಿ ನಗುತ್ತಾಳೆ.

"ಅಯ್ಯೋ, ನಿಮ್ಮನ್ನೇ ನೀವು ಕಟ್ಟಾಕ್ಕೊಂಡ್ರಲ್ರೀ!"

ಅವನು ತಿರುಗುವುದಿಲ್ಲ. ಅವಳ ನಗು ಅರ್ಧಕ್ಕೇ ನಿಲ್ಲುತ್ತದೆ.

"ಒಂದು ಗಂಟು ಬಿಚ್ಚೋ ಮಾರಾಯ," ಅವಳ ಪಕ್ಕ ನಿಂತ ನಾನು ಅನ್ನುತ್ತೇನೆ.

"ಬಿಚ್ಚಿದ್ರೆ ತಂತಿ ಸಡಿಲ ಆಗ್ತದೆ ದೊಡ್ಡಮ್ಮ. ನಾಳೆ ನೋಡಿದವ್ರು, ಯಾವ ಕೈಲಾಗದೋನು ಕಟ್ಟಿದ್ದು ಅಂತಾರೆ."

ನಮ್ಮ ಕಡೆ ಬರುವಾಗ ಬಗ್ಗಿ ಒಂದು ಕಳೆ ಕೀಳುತ್ತಾನೆ, ಬೇಲಿಯಾಚೆ ಎಸೆಯುತ್ತಾನೆ. ಯಾವ ಬೆಳೆಗೆ ಅಂತ ನಾನು ಕೇಳುವುದಿಲ್ಲ. ಆಮೇಲೆ ಬೋರಲಾಗಿ ಮಲಗುತ್ತಾನೆ. ನಾವಿಬ್ಬರೂ ಕೋಲಿನಿಂದ ಕೆಳಗಿನ ತಂತಿ ಎತ್ತಿ ಹಿಡಿಯುತ್ತೇವೆ. ತೆವಳಿ ಹೊರಬರುವಾಗ ಅಂಗಿಯ ಬೆನ್ನು ಪರ್ರೆಂದು ಹರಿಯುತ್ತದೆ. ಅವನೇ ಬಿಗಿದ ಮುಳ್ಳು, ಅವನಿಗೂ ಹೆದರಲಿಲ್ಲ.

ಹೊಲದ ಹಳೇ ಮರದ ಗೇಟು ಈಗ ಅವನ ಮನೆ ಗೋಡೆಗೆ ಒರಗಿದೆ. ಹೆಂಡತಿ ಅದರ ಮೇಲೆ ಬಟ್ಟೆ ಹರವುತ್ತಾಳೆ. ಒಲೆಗೆ ಹಾಕಬಾರದೇ ಎಂದು ಅವನನ್ನು ರೇಗಿಸುತ್ತೇನೆ.

"ಇರ್ಲಿ ಬಿಡು. ಸಾಹುಕಾರ್ರಿಗೆ ಯಾವತ್ತಾದ್ರೂ ಮನಸ್ಸಾಗಿ, ಗೇಟು ಇಡು ಅಂದ್ರೆ ಕೂಲಿ ಇಲ್ದೆ ಇಟ್ಟುಕೊಡ್ತೀನಿ," ಅನ್ನುತ್ತಾನೆ. ಹರಿದ ಬೆನ್ನು ನಮ್ಮ ಕಡೆಗಿದೆ. "ಗೇಟನ್ನ ಒಳಗಿಂದ ಕೂರಿಸ್ಬೇಕಲ್ಲ ದೊಡ್ಡಮ್ಮ. ಅಷ್ಟೊತ್ತಾದ್ರೂ ಒಳಗಿರ್ತೀನಿ."