ಇನ್ನೊಂದ್ಸಲ ಮೇಸ್ತ್ರಿ

ತಗಡು ಕತ್ತರಿಸುವ ಲೇಸರ್ ಯಂತ್ರದ ಮೇಸ್ತ್ರಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ಇನ್ನೊಂದ್ಸಲ’ ಎಂದೇ ಕರೆಯುತ್ತಾರೆ, ಏಕೆಂದರೆ “ಇನ್ನೊಂದ್ಸಲ ನೋಡಿಬಿಡೋಣ” ಎನ್ನದೆ ಅವರು ಯಂತ್ರ ಚಾಲೂ ಮಾಡಿದ್ದೇ ಇಲ್ಲ. ತಂಪು ನೀರು ಹರಿಯುತ್ತಿದೆ, ಗ್ಯಾಸಿನ ಒತ್ತಡ ಸಾಕಷ್ಟಿದೆ, ಬಾಗಿಲು ಮುಚ್ಚಿದೆ ಎಂದು ಒಂದೊಂದು ಸೆನ್ಸರೂ ಒಪ್ಪಿದ ಮೇಲೆಯೇ ಕಂಟ್ರೋಲರ್ ಕಿರಣ ಬಿಡುತ್ತದೆ; ಒಂದು ತಕರಾರು ತೆಗೆದರೂ ಎಲ್ಲ ಕೆಲಸ ನಿಂತಂತೆ. ಇದು ಬಾಯಿಪಾಠವಾಗಿದ್ದರೂ ಅವರು ಮೀಟರ್ ನೋಡಿ, ಕೊಳವೆ ಮುಟ್ಟಿ, ಪಂಪಿಗೆ ಕಿವಿಗೊಟ್ಟು, ಮತ್ತೆ ಮೀಟರಿಗೇ ಬರುತ್ತಾರೆ. ಮನೆಯಲ್ಲಿ, ಬಾಗಿಲು ಮುಚ್ಚಿದ ಫ್ರಿಜ್ಜಿನೊಳಗೆ ದೀಪ ನಿಜವಾಗಿ ಆರಿತೇ ಎಂಬ ಚಿಂತೆಯಲ್ಲಿ ತಟ್ಟೆಯ ಊಟ ತಣ್ಣಗಾಗುತ್ತದೆ. “ನನ್ನನ್ನ ಮಾತ್ರ ಒಂದೇ ಸಲ ನೋಡಿ ಒಪ್ಪಿಬಿಟ್ರಲ್ಲ?” ಎಂದು ಹೆಂಡತಿ ಕುಟುಕುತ್ತಾರೆ. ಈಚೆಗೆ ಯಾರೋ ಕೆಲಸ ಬೇಗ ಮುಗಿಸಲು ಬಾಗಿಲಿನ ಸ್ವಿಚ್ಚಿಗೆ ಅಯಸ್ಕಾಂತ ಅಂಟಿಸಿ, ತೆರೆದ ಬಾಗಿಲೂ ಮುಚ್ಚಿದೆಯೆಂದು ಕಂಟ್ರೋಲರನ್ನು ನಂಬಿಸಿದ್ದರು. ಅದನ್ನು ಕಿತ್ತೆಸೆದರೂ ಮೇಸ್ತ್ರಿ ದಿನವೂ ಆ ಸ್ವಿಚ್ಚನ್ನು ತಡವಿ ನೋಡುವುದು ನಿಂತಿಲ್ಲ. ಈಗ ಲೆನ್ಸ್ ಒರೆಸಲು ಯಂತ್ರದೊಳಗೆ ಹೋಗುವವಳು ಅಲ್ಲೇ ಕೆಲಸಕ್ಕೆ ಸೇರಿರುವ ಅವರ ಮಗಳು. ಅವಳು ಹೊರಬರುವವರೆಗೂ ಅವರು ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಒತ್ತಿ ಹಿಡಿದೇ ನಿಂತಿರುತ್ತಾರೆ. “ಅಪ್ಪಾ, ಒಂದ್ಸಲ ಒತ್ತಿದ್ರೆ ಅದು ತಾನಾಗೇ ಒತ್ಕೊಂಡಿರುತ್ತೆ, ಕೈ ತೆಗಿ,” ಎಂದು ಅವಳು ಒಳಗಿನಿಂದಲೇ ನಗುತ್ತಾಳೆ. “ಗೊತ್ತಮ್ಮಾ, ನೀನು ಮೊದಲು ಹೊರಗೆ ಬಾ,” ಎನ್ನುತ್ತಾರೆ ಮೇಸ್ತ್ರಿ, ಅಂಗೈ ಸಡಿಲಿಸದೆ.