ಹಿಂದಿನ ಬೆಂಚಿನ ಇನ್ನೊಬ್ಬ ಪರೀಕ್ಷಕರು

ದೆವ್ವ ಭೂತಗಳನ್ನು ನಾನು ನಂಬಿದವನಲ್ಲ. ನಂಬಿದ್ದು ಪಾಠ ಯೋಜನೆಯನ್ನು. ನಿಲಂಗಾದ ಬಿ.ಎಡ್. ಕಾಲೇಜಿನಲ್ಲಿ ನಾಳಿನ ಮಾಸ್ತರರನ್ನು ತಯಾರು ಮಾಡುವ ಪವಿತ್ರ ಕಾರ್ಯಕ್ಕೆ ನನ್ನ ಗಂಟಲನ್ನೇ ಅರ್ಪಿಸಿದ್ದೇನೆ. ಉದ್ದೇಶ, ಪ್ರಸ್ತಾವನೆ, ಮೌಲ್ಯಮಾಪನ ಎಂದು ಎಷ್ಟು ಒದರಿದರೂ ಅವರು ತರಗತಿಯಲ್ಲಿ ಕೇಳುವುದು ಒಂದೇ: "ತಿಳೀತಾ?" ಮಕ್ಕಳು ಹೇಳುವುದೂ ಒಂದೇ: "ಹೌದ್ರೀ." ಯಾರಿಗೂ ಏನೂ ತಿಳಿದಿರುವುದಿಲ್ಲ.

ಭೂಕಂಪದ ನಂತರ ಹೊಸದಾಗಿ ಕಟ್ಟಿದ ಸಾಸ್ತೂರಿನ ಶಾಲೆಯಲ್ಲಿ ಮಹಾದೇವಿ ಎಂಬ ನಮ್ಮ ಕಾಲೇಜಿನ ಹುಡುಗಿಯ ಅಂತಿಮ ಪಾಠದ ಪರೀಕ್ಷೆಯಿತ್ತು. ಒಮ್ಮೆ ನಪಾಸಾದವಳು. ಈ ಸಲವೂ ಹೋದರೆ ಓದು ಸಾಕು ಎಂದು ಮನೆಯವರು ಹೇಳಿಬಿಟ್ಟಿದ್ದರು. ಇಬ್ಬರು ಪರೀಕ್ಷಕರು ಕೂತರೇ ಪಾಠ ಸಿಂಧು. ನನ್ನ ಜೊತೆ ಕೂಡಬೇಕಿದ್ದ ಉದಗೀರದ ಪರೀಕ್ಷಕರ ಪತ್ತೆಯಿಲ್ಲ. ಹಾದಿ ಕಾದು ಬೇಸತ್ತು, ನಡುವೆ ಬಂದು ಕೂಡಲಿ ಎಂದು ಶುರು ಮಾಡಿಸಿ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತೆ.

ನನ್ನ ಮುಖ ಕಂಡರೆ ಸೀಮೆಸುಣ್ಣ ಕೈಯಿಂದ ಬೀಳಿಸುತ್ತಿದ್ದ ಹುಡುಗಿ ಅಂದು ಕರಿಕಲ್ಲಿನ ಚೂರುಗಳನ್ನು ಮಕ್ಕಳ ಕೈಗೆ ಕೊಟ್ಟು, ಬಂಡೆಗಳ ಪಾಠವನ್ನು ನಿರರ್ಗಳವಾಗಿ ಮಾಡಿದಳು. ಆದರೆ ಕಡೆತನಕ ಯಾರೂ ಬರಲಿಲ್ಲ. ಪಾಠ ಲೆಕ್ಕಕ್ಕಿಲ್ಲ ಎಂದೆ. ಆಕೆ ನನ್ನನ್ನೇ ನೋಡಿದಳು.

"ನಿಮ್ಮ ಬಾಜೂಕನ ಕೂತಿದ್ರಲ್ರೀ ಸರ್, ಬಿಳಿ ಟೋಪಿಯವ್ರು. ನೀವು ಮಾರಿ ಗಂಟ ಹಾಕಿದಾಗೆಲ್ಲಾ, ನಡೀಲಿ ಅಂತ ಕೈ ಮಾಡ್ತಿದ್ರು."

ಸುಳ್ಳಿಗೂ ಒಂದು ಯೋಜನೆ ಬೇಕಮ್ಮಾ ಎಂದು ಗದರಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕರೆದು ವಿಚಾರಿಸಿದೆ. ಇಬ್ಬರು ಸರ್ ಕೂತಿದ್ದರು, ಒಬ್ಬರು ಸಿಟ್ಟಿನವರು ಎಂದು ಎಲ್ಲರೂ ಹೇಳಿದರು. ಸಿಟ್ಟಿನವರು ಯಾರೆಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಉದಗೀರದವರು ಕೆಟ್ಟುನಿಂತ ಬಸ್ಸನ್ನು ಬೈಯುತ್ತ, ಬೋಳುತಲೆಯ ಧೂಳು ಒರೆಸಿಕೊಳ್ಳುತ್ತ ಬಂದರು. ಪಾಠ ಮತ್ತೊಮ್ಮೆ ನಡೆಯಿತು. ಅರ್ಧಕ್ಕೆ ಆಕೆ ತಡವರಿಸಿ ನಿಂತಳು. ಮುಗೀತು ಇವಳ ಕಥೆ ಅಂದುಕೊಂಡೆ. ಹಿಂದಿನ ಬೆಂಚಿನತ್ತ ಒಮ್ಮೆ ನೋಡಿದಳು, ಸಾವರಿಸಿಕೊಂಡಳು, ಪಾಠ ಮುಗಿಸಿದಳು. ಪಾಸಾದಳು.

ಹೊರಡುವಾಗ ಕೇಳಿಯೇಬಿಟ್ಟೆ, ಟೋಪಿಯವರು ಮತ್ತೆ ಬಂದಿದ್ದರೇನು ಎಂದು.

"ಇಲ್ರೀ ಸರ್. ಈ ಸಲ ನೀವ ಕೈ ಮಾಡಿದ್ರಲ್ಲ."

ನಾನು ಪಾಠ ನೋಡುವಾಗ ಎದೆಯ ಮೇಲೆ ಕೈ ಕಟ್ಟಿ ಕೂಡುವವನು. ಅಂದೂ ಹಾಗೆಯೇ ಕೂತಿದ್ದೆ. ಉದಗೀರದವರ ಸಾಕ್ಷಿ ಕೇಳಿದರೆ, "ಚಲೋ ಮಾಡಿದ್ರಿ ಬಿಡ್ರಿ, ಹುಡುಗಿಗೆ ಧೈರ್ಯ ಬಂತು," ಎಂದರು. ಕಟ್ಟಿದ ಕೈ ಯಾವಾಗ ಬಿಚ್ಚಿತು, ಯಾರು ಬಿಚ್ಚಿದರು, ನನಗಂತೂ ಇವತ್ತಿಗೂ ಗೊತ್ತಿಲ್ಲ.